ಲೋರಿಕೀಟ್ ಸಾಕಿದ್ದೀರಾ? ಕಾಳು ಹಾಕೋದು ನಿಲ್ಲಿಸಿ

ಹಳ್ಳಿಮೈಸೂರು: ಲೋರಿಕೀಟ್ ನೋಡೋಕೆ ಗಿಣಿ ಥರಾನೇ ಇದ್ರೂ ಅದರ ಊಟವೇ ಬೇರೆ. ಆಸ್ಟ್ರೇಲಿಯಾ, ಇಂಡೋನೇಷ್ಯಾ ಕಡೆಯ ಈ ಹಕ್ಕಿ ಹೂವಿನ ಮಕರಂದ, ಪರಾಗ ತಿಂದು ಬದುಕುವಂಥದ್ದು. ನಾಲಿಗೆ ತುದಿ ಬ್ರಷ್‌ನಂತಿರುತ್ತದೆ, ಕಾಳು ಅರೆಯುವ ಶಕ್ತಿ ಹೊಟ್ಟೆಗೆ ಕಡಿಮೆ. ನವಣೆ, ಸೂರ್ಯಕಾಂತಿ ಬೀಜವನ್ನೇ ಹಾಕ್ತಾ ಹೋದರೆ ಬಟ್ಟಲು ತುಂಬಿದ್ದರೂ ಹಕ್ಕಿ ಸೊರಗುತ್ತದೆ.

ಪೆಟ್ ಅಂಗಡಿಯಲ್ಲಿ ಸಿಗುವ ಲೋರಿ ನೆಕ್ಟರ್ ಪುಡಿಯೇ ಮುಖ್ಯ ಆಹಾರ. ಪ್ಯಾಕೆಟ್ ಮೇಲೆ ಹೇಳಿದಷ್ಟೇ ನೀರಲ್ಲಿ ಕಲಸಿ. ಸಕ್ಕರೆ ನೀರು, ಜೇನುತುಪ್ಪ ಇದಕ್ಕೆ ಬದಲಿ ಅಲ್ಲ, ಬರೀ ಸಿಹಿಯಿಂದ ಮೈ ತುಂಬಲ್ಲ. ಕಲಸಿದ್ದು ಬಿಸಿಲುಕಾಲದಲ್ಲಿ ಬೇಗ ಹಳಸಿಬಿಡುತ್ತೆ. ಮೂರ್ನಾಲ್ಕು ಗಂಟೆಯೊಳಗೆ ಚೆಲ್ಲಿ ಬಟ್ಟಲು ತೊಳೆಯಲೇಬೇಕು. ಬೆಳಿಗ್ಗೆ ಇಟ್ಟು ಸಂಜೆವರೆಗೆ ಬಿಟ್ಟರೆ ಕಾಯಿಲೆ ಗ್ಯಾರಂಟಿ.

ಜತೆಗೆ ಪಪ್ಪಾಯ, ಸೀಬೆ, ಬೀಜ ತೆಗೆದ ಸೇಬು, ಹಿತ್ತಲ ದಾಸವಾಳ ಕೊಡಿ. ಮಾರ್ಕೆಟ್ ಹೂವು ಬೇಡ, ಔಷಧಿ ಹೊಡೆದಿರ್ತಾರೆ. ಬೆಣ್ಣೆಹಣ್ಣು, ಚಾಕೊಲೇಟ್ ವಿಷ. ನಮ್ಮ ಹಾಸನದ ಕಾಫಿಯೂ ಅಷ್ಟೇ, ಲೋಟಕ್ಕೆ ಕೊಕ್ಕು ಹಾಕೋಕೆ ಬಿಡಬೇಡಿ.

ಹಿಕ್ಕೆ ನೀರಾಗಿದ್ದರೆ ಗಾಬರಿ ಬೇಡ, ಇದಕ್ಕದು ಸಹಜ. ಆದರೆ ತಿನ್ನೋದು ಬಿಟ್ಟು ಗರಿ ಉಬ್ಬಿಸಿ ಕೂತರೆ ಕಾಯಬೇಡಿ, ಅವತ್ತೇ ಹಾಸನದ ಪಶುವೈದ್ಯಕೀಯ ಕಾಲೇಜಿಗೆ ತೋರಿಸಿ. ಅಂದಹಾಗೆ, ಇಂಥ ವಿದೇಶಿ ಹಕ್ಕಿ ಸಾಕಿದ್ದರೆ 2024ರ ನಿಯಮದಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಿರಬೇಕು.