ಪುಕ್ಕಟೆ ಬೇರೆ, ಮುಕ್ತ ಬೇರೆ: ನಮ್ಮ ಗಡಿಯ ಕನ್ನಡ ಕಂಪ್ಯೂಟರಿಗೆ ಬಂದ ಕಥೆ



ನಮ್ಮ ಮನೆ ಇದ್ದಲ್ಲೇ ಇದೆ, ಆದರೆ ಮೂರು ಜಿಲ್ಲೆಗಳನ್ನು ಕಂಡಿದೆ. ತಾತ ಹುಟ್ಟಿದಾಗ ಇದು ಸೇಲಂ ಜಿಲ್ಲೆ. 1965ರ ಅಕ್ಟೋಬರ್ 2ರಂದು ಧರ್ಮಪುರಿ ಬೇರೆ ಜಿಲ್ಲೆಯಾಯಿತು, ಹಾಗಾಗಿ ಅಪ್ಪನೂ ನಾನೂ ಧರ್ಮಪುರಿಯವರು. 2004ರ ಫೆಬ್ರವರಿಯಲ್ಲಿ ಕೃಷ್ಣಗಿರಿ ಜಿಲ್ಲೆ ಹುಟ್ಟಿತು, ತಂಗಿಯ ಜನನ ಪತ್ರದಲ್ಲಿ ಆ ಹೆಸರಿದೆ. ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ಎಷ್ಟೋ ಕುಟುಂಬಗಳದ್ದು ಇದೇ ಕಥೆ. ಸೇಲಂ ಪೇಟೆಯಲ್ಲಿ ಕನ್ನಡ ಮನೆಮಾತಿನ ದೇವಾಂಗ ನೇಕಾರರೂ ಇದ್ದಾರೆ.

ಮಾತಾಡುವ ಕನ್ನಡಕ್ಕೆ ನಮ್ಮಲ್ಲಿ ಬರವಿಲ್ಲ. ಓದುವ ಕನ್ನಡದ ಮಾತು ಬೇರೆ. 2006ರಲ್ಲಿ ತಮಿಳುನಾಡು ತಮಿಳು ಕಲಿಕೆ ಕಾಯಿದೆ ಬಂತು. ಒಂದನೇ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯವಾಗುತ್ತಾ ಹೋಯಿತು. ತಮಿಳು ಕಲಿತದ್ದರಿಂದ ನನಗೆ ಲಾಭವೇ ಆಗಿದೆ, ಅದರ ಬಗ್ಗೆ ದೂರಿಲ್ಲ. ಆದರೆ ನನ್ನ ವಯಸ್ಸಿನ ಅನೇಕರಿಗೆ ಕನ್ನಡ ಅಕ್ಷರ ಸಿಗುವ ಜಾಗ ಎರಡೇ: ಪೂಜೆಯಲ್ಲಿ ಹಿಡಿಯುವ ಹಾಡಿನ ಹಾಳೆ, ಮತ್ತು ಕೈಯಲ್ಲಿರುವ ಮೊಬೈಲು. ಆ ಮೊಬೈಲಿನೊಳಗೆ ಕನ್ನಡವನ್ನು ತಂದಿಟ್ಟವರು ಯಾರು ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೇಳಬೇಕಾದ ಹೆಸರು ಕೆ. ಪಿ. ರಾವ್ ಅವರದು. ಇಂಗ್ಲಿಷ್ ಕೀಲಿಮಣೆಯ ಇಪ್ಪತ್ತಾರು ಅಕ್ಷರಗಳ ಮೇಲೆ ಇಡೀ ಕನ್ನಡ ವರ್ಣಮಾಲೆಯನ್ನು ಕೂರಿಸುವ ಉಪಾಯ ಅವರದು. ಕೆ ಒತ್ತಿದರೆ ಕ, ಟಿ ಒತ್ತಿದರೆ ತ. ಒತ್ತಕ್ಷರ ಬೇಕೆಂದರೆ ನಡುವೆ ಎಫ್ ಒತ್ತಬೇಕು. ಹಳೆಯ ಕನ್ನಡ ಟೈಪ್‌ರೈಟರಿನಲ್ಲಿ ಬೆರಳು ಸೋಲುತ್ತಿದ್ದ ಕೆಲಸ ಇಲ್ಲಿ ಒಂದು ವಾರದಲ್ಲಿ ಕೈಗೆ ಹತ್ತುತ್ತದೆ. ತಮ್ಮ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿನಲ್ಲಿ 'ಸೇಡಿಯಾಪು' ಎಂದು ಹೆಸರಿಟ್ಟರು. ಮುಂದೆ ಕರ್ನಾಟಕ ಸರ್ಕಾರ ಒಪ್ಪಿದ ಕೀಲಿಮಣೆಗೂ ಈ ವಿನ್ಯಾಸವೇ ಆಧಾರ. ಅದರ ಮೇಲೆ ಹಕ್ಕು ಸಾಧಿಸಿ ಹಣ ಮಾಡಬಹುದಿತ್ತು, ಅವರು ಮಾಡಲಿಲ್ಲ. ಈ ಇಡೀ ಕಥೆಯಲ್ಲಿ ನನಗೆ ಹೆಚ್ಚು ಇಷ್ಟವಾದ ಸಂಗತಿ ಇದು.

1998ರಲ್ಲಿ ಶೇಷಾದ್ರಿ ವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತು ಕರ್ನಾಟಕ ಸರ್ಕಾರಕ್ಕಾಗಿ 'ನುಡಿ' ತಯಾರಿಸಿತು. ಎರಡೂ ಪುಕ್ಕಟೆ. ಡಿಟಿಪಿ ಅಂಗಡಿಯವರು, ಶಾಲೆಯವರು, ಮದುವೆ ಪತ್ರಿಕೆ ಅಚ್ಚು ಹಾಕುವವರು ಎಲ್ಲರೂ ಇವುಗಳಿಗೆ ಒಗ್ಗಿಕೊಂಡರು. ನಮ್ಮ ಗಾನವೃಂದದ ಹಾಡಿನ ಪುಸ್ತಕವೂ ನುಡಿಯಲ್ಲೇ ಟೈಪ್ ಆದದ್ದು.

ಈಗ ತೊಡಕಿನ ವಿಷಯ. ಆ ಕಾಲದ ನುಡಿ, ಬರಹ ಫಾಂಟುಗಳು ಕಂಪ್ಯೂಟರಿಗೆ ಕನ್ನಡ ಕಲಿಸಲಿಲ್ಲ, ಅದರ ಕಣ್ಣಿಗೆ ಕನ್ನಡದ ಮುಖವಾಡ ಹಾಕಿದವು ಅಷ್ಟೆ. ಒಳಗೆ ಉಳಿಯುತ್ತಿದ್ದದ್ದು ಇಂಗ್ಲಿಷ್ ಅಕ್ಷರಗಳು, ಯೂರೋಪಿನ ಚಿಹ್ನೆಗಳು. ಫಾಂಟು ಅವುಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಬರೆದು ತೋರಿಸುತ್ತಿತ್ತು: ತಲೆಕಟ್ಟು ಒಂದು ತುಂಡು, ಕೊಂಬು ಇನ್ನೊಂದು, ಒತ್ತಕ್ಷರ ಮತ್ತೊಂದು. ಫಾಂಟು ಇರುವ ಯಂತ್ರದಲ್ಲಿ ಎಲ್ಲ ಚೆನ್ನಾಗಿ ಕಾಣುತ್ತದೆ. ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳ ರಾಶಿ. ನಮ್ಮ ಹಾಡಿನ ಪುಸ್ತಕದ ಫೈಲನ್ನು ವಾಟ್ಸಾಪಿನಲ್ಲಿ ಕಳಿಸಿದಾಗ ಗಾನವೃಂದದ ಅಕ್ಕಂದಿರಿಗೆ ಕಂಡದ್ದು ಅದೇ. "ಇದು ಯಾವ ಭಾಷೆಪ್ಪಾ?" ಎಂದು ಒಬ್ಬರು ಕೇಳಿದರು. ಯಾವ ಭಾಷೆಯೂ ಅಲ್ಲ ಎನ್ನುವುದೇ ನಿಜವಾದ ಉತ್ತರ.

ಇದಕ್ಕೆ ಮದ್ದು ಆಗಲೇ ಇತ್ತು. 1991ರ ಅಕ್ಟೋಬರಿನಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿದ್ದರು. ಅಲ್ಲಿ ಉಳಿಯುವುದು ಅಕ್ಷರದ ಆಕಾರವಲ್ಲ, ಅಕ್ಷರವೇ. 'ಸ್ತೋತ್ರ' ಎಂದು ಬರೆದರೆ ಯಂತ್ರ ನೆನಪಿಡುವುದು ಏಳು ಗುರುತುಗಳನ್ನು: ಸ, ವಿರಾಮ, ತ, ಓಕಾರ, ತ, ವಿರಾಮ, ರ. ಅದನ್ನು ಹೇಗೆ ಚಂದವಾಗಿ ಜೋಡಿಸಿ ತೋರಿಸಬೇಕು ಎನ್ನುವುದು ಫಾಂಟು ಮತ್ತು ಜೋಡಣೆಯ ತಂತ್ರಾಂಶದ ಹೊಣೆ. 'ಧರ್ಮ' ಎಂಬ ಪದದಲ್ಲಿ ರಕಾರವನ್ನು ನಾವು ಮೊದಲು ಉಚ್ಚರಿಸುತ್ತೇವೆ, ಅರ್ಕಾವೊತ್ತು ಮಾತ್ರ ಮಕಾರದ ನಂತರ ಕೂರುತ್ತದೆ. ಹಳೆಯ ಫಾಂಟುಗಳು ಕಣ್ಣಿಗೆ ಕಾಣುವ ಕ್ರಮವನ್ನು ಉಳಿಸುತ್ತಿದ್ದವು, ಯೂನಿಕೋಡ್ ಬಾಯಲ್ಲಿ ಬರುವ ಕ್ರಮವನ್ನು ಉಳಿಸುತ್ತದೆ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ 'ತುಂಗಾ' ಫಾಂಟಿನೊಂದಿಗೆ ಬಂತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾದದ್ದೂ ಯೂನಿಕೋಡ್ ಬಲದ ಮೇಲೆಯೇ.

ಹಾಗಾದರೆ ಮುಕ್ತ ತಂತ್ರಾಂಶದ ಪಾತ್ರ ಏನು? ಪುಕ್ಕಟೆ ಎಂದರೆ ದುಡ್ಡು ಕೊಡಬೇಕಿಲ್ಲ. ಮುಕ್ತ ಎಂದರೆ ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಅಡುಗೆ ಬಡಿಸುವುದಕ್ಕೂ ಅಡುಗೆ ಮಾಡುವ ಬಗೆ ಹೇಳಿಕೊಡುವುದಕ್ಕೂ ಇರುವಷ್ಟು ಅಂತರ. ಬರಹ ಎಷ್ಟೋ ವರ್ಷ ಪುಕ್ಕಟೆಯಾಗಿತ್ತು, ಮುಂದಿನ ಆವೃತ್ತಿಗಳಿಗೆ ಬೆಲೆ ಬಂತು. ಅದು ಅವರ ಹಕ್ಕು. ಅವರು ಕೊಟ್ಟದ್ದಕ್ಕೆ ಕನ್ನಡಿಗರು ಋಣಿಗಳೇ. ಆದರೆ ಒಳಗಿನದು ಒಬ್ಬರ ಕೈಯಲ್ಲೇ ಇದ್ದಾಗ, ಅವರು ದಾರಿ ಬದಲಿಸಿದರೆ ನಮಗೆ ಬೇರೆ ದಾರಿ ಇರುವುದಿಲ್ಲ.

ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದರು. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿ ಲಿನಕ್ಸನ್ನು ಹಂಚಿದ. ಅದರ ನಂತರದ ಕಥೆ ಎಲ್ಲರಿಗೂ ಗೊತ್ತು. ನಮ್ಮ ಕಡೆ ಅದು ಹೇಗೆ ಬಂತು ಎನ್ನುವುದು ಹೆಚ್ಚು ಸ್ವಾರಸ್ಯ. 2007ರ ಹೊತ್ತಿಗೆ ತಮಿಳುನಾಡು ಸರ್ಕಾರದ ಎಲ್ಕಾಟ್ ಸಂಸ್ಥೆ, ಸಿ. ಉಮಾಶಂಕರ್ ಎಂಬ ಐಎಎಸ್ ಅಧಿಕಾರಿಯ ಕಾಲದಲ್ಲಿ, ತನ್ನ ಕಂಪ್ಯೂಟರುಗಳನ್ನು ಸೂಸೆ ಲಿನಕ್ಸ್‌ಗೆ ಬದಲಿಸಿತು. ಅದೇ ವರ್ಷ ಸಿ-ಡ್ಯಾಕ್ ಸಂಸ್ಥೆ ಡೆಬಿಯನ್ ಆಧಾರದ 'ಬಾಸ್' ಲಿನಕ್ಸನ್ನು ಹೊರತಂದಿತು. ಭಾರತದ ಭಾಷೆಗಳಿಗೆಂದೇ ಮಾಡಿದ ವ್ಯವಸ್ಥೆ, ಕನ್ನಡವೂ ಅದರಲ್ಲಿದೆ.

2011ರ ಸೆಪ್ಟೆಂಬರ್ 15ರಂದು ಉಚಿತ ಲ್ಯಾಪ್‌ಟಾಪ್ ಯೋಜನೆ ಆರಂಭವಾಯಿತು. ಎಲ್ಕಾಟ್ ಕೊಂಡ ಆ ಯಂತ್ರಗಳಲ್ಲಿ ವಿಂಡೋಸ್ ಜೊತೆಗೆ ಬಾಸ್ ಕೂಡ ಇತ್ತು. ಧರ್ಮಪುರಿ, ಸೇಲಂನ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ಬಂದ ಮೊದಲ ಕಂಪ್ಯೂಟರ್ ಅದೇ. ಅಂದರೆ ನಮ್ಮ ಪ್ಲಸ್ ಟು ಮಕ್ಕಳ ಮಡಿಲಲ್ಲೇ ಲಿನಕ್ಸ್ ಕೂತಿತ್ತು! ಅದನ್ನು ಏನು ಮಾಡಿದೆವು? ನನ್ನ ಗೆಳೆಯರಲ್ಲಿ ಹೆಚ್ಚಿನವರು ಆಟಕ್ಕೆ, ಸಿನಿಮಾಕ್ಕೆ ಜಾಗ ಬೇಕೆಂದು ಅಳಿಸಿದರು. ಹೇಳಿಕೊಡುವವರು ಇರಲಿಲ್ಲ, ಶಾಲೆಯ ಪಾಠದಲ್ಲಿ ಅದರ ಮಾತೇ ಇರಲಿಲ್ಲ. ಯಂತ್ರ ಕೊಟ್ಟು ಮಾತು ಕಲಿಸದೆ ಬಿಟ್ಟದ್ದು ಸರ್ಕಾರದ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ. ತಮಿಳಿನವರು ಆ ಕೊರತೆಯನ್ನು ತಾವೇ ತುಂಬಿಕೊಳ್ಳಲು ನೋಡಿದರು. 2012ರಲ್ಲಿ 'ಕಣಿಯಂ' ಎಂಬ ಪತ್ರಿಕೆ ಶುರುಮಾಡಿ ಮುಕ್ತ ತಂತ್ರಾಂಶವನ್ನು ಸರಳ ತಮಿಳಿನಲ್ಲಿ ಕಲಿಸಿದರು. ಅದನ್ನು ಓದಿಯೇ ನಾನು ಲಿನಕ್ಸ್ ಕಲಿತದ್ದು.

ಇಂಟರ್ನೆಟ್ ಕಥೆಯೂ ಇದಕ್ಕೆ ಹೊಂದಿಕೊಂಡೇ ಇದೆ. 2004ರ ಬ್ರಾಡ್‌ಬ್ಯಾಂಡ್ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಅದೇ ಬ್ರಾಡ್‌ಬ್ಯಾಂಡ್. ಒಂದು ಲೆಕ್ಕ ಮಾಡಿ ನೋಡಿ: 256 ಕಿಲೋಬಿಟ್ ಎಂದರೆ 32 ಕಿಲೋಬೈಟ್. ಒಂದು ಸಿಡಿ ತುಂಬುವ 700 ಮೆಗಾಬೈಟಿನ ಲಿನಕ್ಸ್ ಇಳಿಸಿಕೊಳ್ಳಲು ಆರು ಗಂಟೆಗೂ ಹೆಚ್ಚು ಬೇಕು. ಬಿಎಸ್‌ಎನ್‌ಎಲ್‌ನ ಒಂದು ಯೋಜನೆಯಲ್ಲಿ ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಮಿತಿಯಿಲ್ಲದ ಡೌನ್‌ಲೋಡ್ ಇತ್ತು. ಆರೇ ಗಂಟೆ, ಅದೂ ನಡುವೆ ಕರೆಂಟು ಹೋಗದಿದ್ದರೆ! ಅದಕ್ಕೇ ಉಬುಂಟು ಕಂಪನಿಯವರು 2005ರಿಂದ 2011ರವರೆಗೆ ಕೇಳಿದವರಿಗೆ ಅಂಚೆಯಲ್ಲಿ ಪುಕ್ಕಟೆ ಸಿಡಿ ಕಳಿಸುತ್ತಿದ್ದದ್ದು ವರವಾಗಿತ್ತು. ಅಂಚೆಯಣ್ಣ ತಂದುಕೊಡುವ ಆಪರೇಟಿಂಗ್ ಸಿಸ್ಟಂ ಎಂದರೆ ತಂಗಿ ಈಗ ನಂಬುವುದಿಲ್ಲ.

2016ರ ಸೆಪ್ಟೆಂಬರ್ 5ರಂದು ಜಿಯೋ ಬಂದ ಮೇಲೆ ಎಲ್ಲ ಬದಲಾಯಿತು. ಡೇಟಾ ಅಗ್ಗವಾಯಿತು, ಅಮ್ಮಂದಿರೂ ಮೊಬೈಲಿನಲ್ಲಿ ಜಪಮಾಲೆ ಕೇಳತೊಡಗಿದರು. ಅಷ್ಟರಲ್ಲಿ ಮೊಬೈಲು ಕನ್ನಡ ಕಲಿತಿತ್ತು. 2012ರ ಆಂಡ್ರಾಯ್ಡ್ 4.1ರಲ್ಲಿ ಕನ್ನಡ, ತೆಲುಗು, ಮಲಯಾಳಂ ಸೇರಿದ್ದವು. ಅದಕ್ಕೆ ಮೊದಲು ಹಲವು ಮೊಬೈಲುಗಳಲ್ಲಿ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳಷ್ಟೇ ಕಾಣುತ್ತಿದ್ದವು. ಆ ಚೌಕಗಳಿಗೆ ತಂತ್ರಜ್ಞರು ಇಟ್ಟ ಅಡ್ಡಹೆಸರು 'ತೋಫು'. ತೋಫು ಇರಬಾರದು ಎಂಬ ಅರ್ಥದಲ್ಲೇ ಗೂಗಲ್ ತನ್ನ ಮುಕ್ತ ಫಾಂಟುಗಳಿಗೆ 'ನೋಟೋ' ಎಂದು ಹೆಸರಿಟ್ಟಿತು. ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ಕೆಲಸ ಮಾಡುವುದು 'ಹಾರ್ಫ್‌ಬಝ್' ಎಂಬ ಮುಕ್ತ ತಂತ್ರಾಂಶ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಎಲ್ಲದರಲ್ಲೂ ಅದೇ ಇದೆ. ಹೆಸರು ಪರ್ಷಿಯನ್ ಭಾಷೆಯದು, ಅದನ್ನು ಬೆಳೆಸಿದ ಬೆಹದಾದ್ ಇಸ್ಫಹಬೋದ್ ಇರಾನಿನಲ್ಲಿ ಹುಟ್ಟಿದವರು. ಕೇರಳದ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದ ಇಂಡಿಕ್ ಕೀಬೋರ್ಡಿನಲ್ಲಿ ಕನ್ನಡವೂ ಇದೆ. ತಮಿಳುನಾಡಿನಲ್ಲಿ ಕೂತ ನಾನು ಕನ್ನಡ ಕೀರ್ತನೆ ಓದಲು ಒಬ್ಬ ಇರಾನಿಯ ಕೆಲಸ, ಟೈಪ್ ಮಾಡಲು ಮಲಯಾಳಿಗಳ ಕೆಲಸ! ಮುಕ್ತವಾಗಿ ಇಡದಿದ್ದರೆ ಇದು ನಡೆಯುತ್ತಿತ್ತೇ?

ಮನೆಗೆ ಯಾವ ನೆಟ್ ಹಾಕಿಸಲಿ ಎಂದು ಹಲವರು ನನ್ನನ್ನು ಕೇಳುತ್ತಾರೆ. ಭಾರತ್‌ನೆಟ್ ಯೋಜನೆಯಲ್ಲಿ ರಾಜ್ಯದ 12,525 ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಕೆಲಸ ಟ್ಯಾನ್‌ಫಿನೆಟ್‌ನದು. ಅದು ನಿಮ್ಮ ಪಂಚಾಯಿತಿಗೆ ಬಂದಿದೆಯೇ ಎಂದು ಮೊದಲು ವಿಚಾರಿಸಿ. ಇಲ್ಲದಿದ್ದರೆ ಜಾಹೀರಾತಿನ ವೇಗ ನೋಡಬೇಡಿ, ಲೈನು ಕಡಿದಾಗ ಬಂದು ಜೋಡಿಸುವ ಕೇಬಲ್ ಅಣ್ಣ ಹತ್ತಿರದಲ್ಲಿದ್ದಾರೆಯೇ ನೋಡಿ. ನಮ್ಮ ಮನೆಯ ಫೈಬರ್ ಒಮ್ಮೆ ನಾಲ್ಕು ದಿನ ಸತ್ತು ಮಲಗಿತ್ತು, ಕಂಪನಿಯ ಫೋನಿನಲ್ಲಿ ಸಂಗೀತ ಬಿಟ್ಟರೆ ಬೇರೇನೂ ಸಿಗಲಿಲ್ಲ. ಆ ನಾಲ್ಕು ದಿನ ತಂಗಿಯ ಓದು ನಡೆದದ್ದು 'ಕಿವಿಕ್ಸ್'ನಿಂದ. ನೆಟ್ ಇಲ್ಲದೆ ವಿಕಿಪೀಡಿಯ ಓದಿಸುವ ಮುಕ್ತ ತಂತ್ರಾಂಶ ಅದು, ಕನ್ನಡ ವಿಕಿಪೀಡಿಯವೂ ಅದರಲ್ಲಿ ಸಿಗುತ್ತದೆ.

ಇನ್ನು ನಮ್ಮ ಹಾಡಿನ ಪುಸ್ತಕ. ಹಳೆಯ ನುಡಿ, ಬರಹ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸಲು ಅರವಿಂದ ವಿ. ಕೆ. ಅವರು ಬರೆದ ಮುಕ್ತ ಪರಿವರ್ತಕವಿದೆ. ಅದರಲ್ಲಿ ಹಾಕಿದರೆ ಹೆಚ್ಚಿನ ಸಾಲುಗಳು ಸರಿಯಾಗಿ ಬರುತ್ತವೆ. ಅರ್ಕಾವೊತ್ತು ಇರುವ ಕಡೆ, ಟೈಪ್ ಮಾಡಿದವರು ಕೈಯಾರೆ ಜಾಗ ಬಿಟ್ಟ ಕಡೆ ಕಣ್ಣಿಟ್ಟು ತಿದ್ದಬೇಕು. ಮೂವರು ಕೂತು ಈವರೆಗೆ ಅರ್ಧದಷ್ಟು ಹಾಡುಗಳನ್ನು ಮುಗಿಸಿದ್ದೇವೆ. ಹಿರಿಯರು ಬಾಯಿಪಾಠದಿಂದ ಹೇಳಿದ ಹಾಡುಗಳನ್ನು ಯಾರೋ ಒಮ್ಮೆ ಟೈಪ್ ಮಾಡಿಟ್ಟಿದ್ದರು. ಹೇಳಿದವರಲ್ಲಿ ಕೆಲವರು ಈಗ ನಮ್ಮೊಂದಿಗಿಲ್ಲ, ಹಾಗಾಗಿ ಆ ಫೈಲು ಬಿಟ್ಟರೆ ಬೇರೆ ಪ್ರತಿಯಿಲ್ಲ. ನಿಮ್ಮ ಮನೆಯಲ್ಲಿ ಹಳೆಯ ಸಿಡಿ, ಪೆನ್‌ಡ್ರೈವ್, ಡಿಟಿಪಿ ಅಂಗಡಿಯಿಂದ ತಂದ ಫೈಲು ಏನಿದ್ದರೂ ಭಾನುವಾರ ಪೂಜೆಯ ನಂತರ ತನ್ನಿ. ಫಾಂಟಿನ ಹೆಸರು ಗೊತ್ತಿದ್ದರೆ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ, ನಮ್ಮ ಕೆಲಸ ಅರ್ಧ ಕಡಿಮೆಯಾಗುತ್ತದೆ.