ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳಲ್ಲಿ ಡಿಜಿಟಲ್ ನಾಗರಿಕ ಸೇವೆ: ಇತಿಹಾಸ

ಈ ಮೂರು ತಾಲೂಕುಗಳಲ್ಲಿ ಸರ್ಕಾರಿ ಸೇವೆಗಳು ಕಂಪ್ಯೂಟರಿಗೆ ಏರಿದ್ದು ಯಾದಗಿರಿ ಜಿಲ್ಲೆ ಹುಟ್ಟುವುದಕ್ಕೂ ಮೊದಲು. ಜಿಲ್ಲೆ ಅಸ್ತಿತ್ವಕ್ಕೆ ಬಂದ 2009ರ ಡಿಸೆಂಬರ್ 30ರಿಂದ ಎಣಿಕೆ ಆರಂಭಿಸಿದರೆ ಮುಖ್ಯ ಅಧ್ಯಾಯವೇ ಬಿಟ್ಟುಹೋಗುತ್ತದೆ.

ಆ ಅಧ್ಯಾಯ ‘ಭೂಮಿ’ ಯೋಜನೆಯದು. 2000ದ ನಂತರದ ಒಂದೆರಡು ವರ್ಷಗಳಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕೀಕೃತವಾದಾಗ ಈ ತಾಲೂಕುಗಳು ಗುಲಬರ್ಗಾ ಜಿಲ್ಲೆಯಲ್ಲಿದ್ದವು. ಅಲ್ಲಿಯವರೆಗೆ ಪಹಣಿ ಗ್ರಾಮ ಲೆಕ್ಕಿಗರ ಕೈಬರಹದಲ್ಲಿ, ಅವರ ವಶದಲ್ಲಿಯೇ ಇರುತ್ತಿತ್ತು. ಗಣಕೀಕರಣದ ನಂತರ ತಹಶೀಲ್ದಾರ್ ಕಚೇರಿಯ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಸಿಗುವಂತಾಯಿತು; ಕೈಬರಹದ ಪಹಣಿಗೆ ಕಾನೂನಿನ ಮಾನ್ಯತೆ ಹೋಯಿತು. ಮ್ಯುಟೇಷನ್ (ಹಕ್ಕು ಬದಲಾವಣೆ) ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡುವ ಕಟ್ಟುಪಾಡು ಅದಕ್ಕಿಂತ ದೊಡ್ಡ ಬದಲಾವಣೆ.

ಆದರೆ ‘ಭೂಮಿ’ಗೆ ಏರಿದ್ದು ಆಗ ಚಾಲ್ತಿಯಲ್ಲಿದ್ದ ಪಹಣಿ ಮಾತ್ರ. ಅದರಲ್ಲಿದ್ದ ಹೆಸರಿನ ತಪ್ಪು, ಎಕರೆ-ಗುಂಟೆಯ ವ್ಯತ್ಯಾಸಗಳೂ ಜೊತೆಗೇ ಏರಿದವು. ಈ ಸೀಮೆ 1956ರವರೆಗೆ ಹೈದರಾಬಾದ್ ರಾಜ್ಯದ ಭಾಗ. ಇಲ್ಲಿನ ಹಳೆಯ ಕಂದಾಯ ಕಡತಗಳು ಬಹುಪಾಲು ಉರ್ದುವಿನಲ್ಲಿವೆ, ಫಸಲಿ ಎಂಬ ಕಂದಾಯ ವರ್ಷದ ಲೆಕ್ಕದಲ್ಲಿವೆ. ಜಮೀನಿನ ಮೂಲ ಹಕ್ಕು ಸಾಬೀತುಪಡಿಸಲು 1954-55ರ ಖಾಸ್ರಾ ಪಹಣಿಯವರೆಗೂ ಹಿಂದೆ ಹೋಗಬೇಕಾಗುತ್ತದೆ. ಅದು ಉಳಿದದ್ದು ದಫ್ತರದ ಕಟ್ಟುಗಳಲ್ಲಿ. ಮೈಸೂರು ಭಾಗದ ಅನುಭವವನ್ನೇ ಇಡೀ ರಾಜ್ಯದ್ದೆಂದು ಬರೆಯುವಾಗ ಈ ಅಂಶ ಕಾಣೆಯಾಗುತ್ತದೆ.

2006ರಿಂದ ಖಾಸಗಿ ಸಹಭಾಗಿತ್ವದ ‘ನೆಮ್ಮದಿ’ ಕೇಂದ್ರಗಳು ಹೋಬಳಿಗೆ ಬಂದವು. ಕೆಂಭಾವಿ, ಕಕ್ಕೇರಾ, ಕೊಡೇಕಲ್‌ ಕಡೆಯವರಿಗೆ ಸುರಪುರದ ಓಡಾಟ ತಗ್ಗಿತು. 2012ರಲ್ಲಿ ‘ಸಕಾಲ’ ಕಾಯ್ದೆ ಸೇವೆಗಳಿಗೆ ಗಡುವು ಹಾಕಿತು. ಅದೇ ವರ್ಷಾಂತ್ಯದಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರಗಳು ನಾಡಕಚೇರಿಗಳಲ್ಲಿ ಶುರುವಾದವು.

ಈ ಸೀಮೆಯೂ ಸೇರಿದ ಕಲ್ಯಾಣ ಕರ್ನಾಟಕಕ್ಕೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಯಾದ 2013ರ ನಂತರ ಸಹಾಯಕ ಆಯುಕ್ತರು ನೀಡುವ ಅರ್ಹತಾ ಪ್ರಮಾಣಪತ್ರಕ್ಕೆ ಬೇಡಿಕೆ ಹುಟ್ಟಿತು. ಸೀಟು, ನೌಕರಿ ಎರಡಕ್ಕೂ ಬೇಕಾದ ಈ ಕಾಗದ ಆ ಭಾಗದ ಹೊರಗಿನವರಿಗೆ ಅಪರಿಚಿತ.

‘ಸೇವಾ ಸಿಂಧು’ ಜಾಲತಾಣ, ‘ಗ್ರಾಮ ಒನ್’ ಕೇಂದ್ರಗಳು ಆಮೇಲಿನವು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇಕಡಾ 51.83, ರಾಜ್ಯದಲ್ಲೇ ಕನಿಷ್ಠ. ಜನರು ತಾವೇ ಅರ್ಜಿ ಹಾಕಿಕೊಳ್ಳಲೆಂದು ರೂಪಿಸಿದ ಜಾಲತಾಣ ಇಂಥ ಕಡೆ ಕೇಂದ್ರದ ನಿರ್ವಾಹಕರ ಕೈಯಿಂದಲೇ ನಡೆಯಬೇಕು. ಹಾಗಾಗಿ ಜಾಲತಾಣಕ್ಕಿಂತ ಊರಿನ ಕೇಂದ್ರವನ್ನೇ ಇಲ್ಲಿ ಮುಖ್ಯ ಘಟ್ಟವೆಂದು ಪರಿಗಣಿಸಬೇಕು.

2024ರಲ್ಲಿ ಆರಂಭವಾದ ‘ಭೂ ಸುರಕ್ಷಾ’ ಯೋಜನೆ ತಾಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದೆ. ಸ್ಕ್ಯಾನಿನಿಂದ ಪುಟದ ಚಿತ್ರ ಉಳಿಯುತ್ತದೆ. ಅದರೊಳಗಿನ ಉರ್ದು ಬರಹವನ್ನು ಓದಿ ಕನ್ನಡಕ್ಕೆ ತರುವುದು ಬೇರೆಯದೇ ಕೆಲಸ.