ರೆಸಿಡೆನ್ಸಿಯಿಂದ ವಿದ್ಯಾಲಯದವರೆಗೆ: ಹೈದರಾಬಾದಿನ ಒಂದು ಕಟ್ಟಡ ಉಳಿದ ಬಗೆ

ಹಳೆಯ ಕಟ್ಟಡಗಳು ಎರಡು ಬಗೆಯಲ್ಲಿ ಹಾಳಾಗುತ್ತವೆ. ಬೀಗ ಹಾಕಿಟ್ಟ ಕಟ್ಟಡವು ಯಾರೂ ಬಳಸದೆ ಹಾಳಾಗುತ್ತದೆ. ದಿನವೂ ನೂರಾರು ಜನ ಓಡಾಡುವ ಕಟ್ಟಡವು ಯಾರೂ ನೋಡಿಕೊಳ್ಳದೆ ಹಾಳಾಗುತ್ತದೆ. ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುತ್ತದೆ. ಎರಡನೆಯದು, ಸೂರಿನ ತುಂಡೊಂದು ಕಳಚಿ ಬೀಳುವವರೆಗೂ ಯಾರ ಗಮನಕ್ಕೂ ಬರುವುದಿಲ್ಲ. ಹೈದರಾಬಾದಿನ ಕೋಠಿಯಲ್ಲಿರುವ ಹಳೆಯ ಬ್ರಿಟಿಷ್ ರೆಸಿಡೆನ್ಸಿ ಈ ಎರಡನೆಯ ಬಗೆಯ ಅಪಾಯಕ್ಕೆ ಸಿಕ್ಕಿ, ಬಹಳ ತಡವಾಗಿಯಾದರೂ ಪಾರಾದ ಕಟ್ಟಡ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದು ಹೆಣ್ಣುಮಕ್ಕಳ ಕಾಲೇಜಾಗಿತ್ತು. ಆದ್ದರಿಂದ ಶಿಕ್ಷಣದ ಕೆಲಸದಲ್ಲಿ ತೊಡಗಿರುವ ನಮ್ಮಂಥವರು ಅದರ ಚರಿತ್ರೆಯನ್ನು ಅರಿಯುವುದು ಒಳ್ಳೆಯದು.

ಕೋಠಿ ಎಂಬ ಹೆಸರು

ಇಂದು ಕೋಠಿ ಎಂದರೆ ಹೈದರಾಬಾದಿನ ಅತ್ಯಂತ ಗದ್ದಲದ ಪೇಟೆಗಳಲ್ಲಿ ಒಂದು. ಬಸ್ಸುಗಳ ಸಾಲು, ಬಟ್ಟೆ ಅಂಗಡಿಗಳು, ಹಳೆಯ ಪಠ್ಯಪುಸ್ತಕ ಮಾರುವವರು, ಇವೆಲ್ಲದರ ನಡುವೆ ಎತ್ತರದ ಗೋಡೆಯೊಳಗೆ ಆ ಭವನ ನಿಂತಿದೆ. ಕೋಠಿ ಎಂದರೆ ದೊಡ್ಡ ಮನೆ, ಬಂಗಲೆ. ಈಸ್ಟ್ ಇಂಡಿಯಾ ಕಂಪನಿಯ ಪ್ರತಿನಿಧಿಯಾದ ರೆಸಿಡೆಂಟನ ಬಂಗಲೆಯಿಂದಲೇ ಆ ಇಡೀ ಪ್ರದೇಶಕ್ಕೆ ಈ ಹೆಸರು ಬಂತು.

ಈ ಭವನ ಕಟ್ಟಿಸಿದ ರೆಸಿಡೆಂಟ್ ಜೇಮ್ಸ್ ಅಖಿಲೀಸ್ ಕರ್ಕ್‌ಪ್ಯಾಟ್ರಿಕ್. ನಿಜಾಮ್ ಅಲಿ ಖಾನರ ದರ್ಬಾರಿನಲ್ಲಿ ಕಂಪನಿಯ ಪ್ರಭಾವವನ್ನು ಬೇರೂರಿಸಿದವನು ಈತನೇ. 1798ರಲ್ಲಿ ನಿಜಾಮರು ಕಂಪನಿಯೊಡನೆ ಸಹಾಯಕ ಸೈನ್ಯದ ಒಪ್ಪಂದಕ್ಕೆ ಸಹಿ ಹಾಕಿದರು. ಅದೇ ವರ್ಷ ಅಕ್ಟೋಬರಿನಲ್ಲಿ ಹೈದರಾಬಾದಿನ ಫ್ರೆಂಚ್ ಅಧಿಕಾರಿಗಳ ಸೈನ್ಯವನ್ನು ನಿಶ್ಶಸ್ತ್ರಗೊಳಿಸಲಾಯಿತು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ನಿಜಾಮರ ಪಡೆಯೂ ಕಂಪನಿಯ ಜೊತೆ ಇತ್ತು. ಟಿಪ್ಪು ಸುಲ್ತಾನರ ಪತನದ ನಂತರ ನಿಜಾಮರ ಪಾಲಿಗೆ ಕೆಲವು ಪ್ರದೇಶಗಳು ಬಂದವು. ಆದರೆ ಮರುವರ್ಷವೇ, 1800ರ ಒಪ್ಪಂದದಂತೆ, ಬಳ್ಳಾರಿಯೂ ಸೇರಿದಂತೆ ಆ ಪ್ರದೇಶಗಳನ್ನು ಸೈನ್ಯದ ಖರ್ಚಿಗಾಗಿ ಕಂಪನಿಗೇ ಬಿಟ್ಟುಕೊಡಬೇಕಾಯಿತು. ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದರ ಮೂಲ ಇಲ್ಲಿದೆ. ಹೀಗೆ ಕನ್ನಡ ನಾಡಿನ ಚರಿತ್ರೆಯ ಒಂದು ಎಳೆ ಈ ರೆಸಿಡೆನ್ಸಿಯ ಅಂಗಳದವರೆಗೆ ಹೋಗುತ್ತದೆ.

ಭವನದ ನಿರ್ಮಾಣ

ಮೂಸಿ ನದಿಯ ಉತ್ತರ ದಡದಲ್ಲಿ 1803ರ ಸುಮಾರಿಗೆ ಆರಂಭವಾದ ಭವನದ ಕೆಲಸ 1806ರ ಹೊತ್ತಿಗೆ ಮುಗಿಯಿತು. ನಕ್ಷೆ ತಯಾರಿಸಿದವನು ಮದ್ರಾಸ್ ಎಂಜಿನಿಯರ್ಸ್ ಪಡೆಯ ಸ್ಯಾಮ್ಯುಯೆಲ್ ರಸೆಲ್ ಎಂಬ ಯುವ ಅಧಿಕಾರಿ. ಖರ್ಚು ನಿಜಾಮರದು. ಇದರ ಬಗ್ಗೆ ಒಂದು ಸ್ವಾರಸ್ಯದ ಕಥೆ ಪ್ರಚಲಿತವಾಗಿದೆ. ಕರ್ಕ್‌ಪ್ಯಾಟ್ರಿಕ್ ಮೊದಲು ದೊಡ್ಡ ಹಾಳೆಯಲ್ಲಿ ಜಾಗದ ನಕ್ಷೆ ಬರೆಸಿ ನಿಜಾಮರ ಮುಂದಿಟ್ಟನಂತೆ. ಅದು ಅವರ ರಾಜ್ಯದ ಭೂಪಟದಷ್ಟೇ ದೊಡ್ಡದಾಗಿ ಕಂಡಿದ್ದರಿಂದ ಅವರು ಒಪ್ಪಲಿಲ್ಲವಂತೆ. ಆತ ಅದೇ ನಕ್ಷೆಯನ್ನು ಸಣ್ಣ ಕಾರ್ಡಿನ ಮೇಲೆ ಬರೆಸಿ ತಂದಾಗ ಸಂತೋಷದಿಂದ ಒಪ್ಪಿದರಂತೆ.

ಭವನದ ಮುಂಭಾಗದಲ್ಲಿ ಆರು ಭಾರೀ ಕೊರಿಂಥಿಯನ್ ಕಂಬಗಳು, ಅಗಲವಾದ ಮೆಟ್ಟಿಲುಗಳು, ಇಕ್ಕೆಲಗಳಲ್ಲಿ ಕಲ್ಲಿನ ಸಿಂಹಗಳು. ಒಳಗೆ ಎರಡು ಅಂತಸ್ತಿನಷ್ಟು ಎತ್ತರದ ದರ್ಬಾರ್ ಹಾಲ್, ಚಿತ್ರಿಸಿದ ಛಾವಣಿ, ತೂಗುದೀಪಗಳು, ಬಾಗಿ ಮೇಲೇರುವ ಮೆಟ್ಟಿಲ ಸಾಲು. ಹೊರನೋಟ ಯುರೋಪಿನದು. ಆದರೆ ಅದರ ಆವರಣದಲ್ಲೇ ರಂಗಮಹಲ್ ಎಂಬ ಝನಾನಾ ಇತ್ತು. ಹೈದರಾಬಾದಿನ ಶ್ರೀಮಂತ ಮನೆತನದ ಖೈರುನ್ನಿಸಾ ಬೇಗಂರನ್ನು ಕರ್ಕ್‌ಪ್ಯಾಟ್ರಿಕ್ ಮುಸ್ಲಿಂ ಸಂಪ್ರದಾಯದಂತೆ ವಿವಾಹವಾಗಿದ್ದನು. ಅವರಿಗಾಗಿ ಈ ಝನಾನಾ ಕಟ್ಟಿಸಿದ್ದು. ಪರದೆಯಲ್ಲಿದ್ದ ಬೇಗಂ ಮುಖ್ಯ ಭವನ ಹೇಗಿದೆ ಎಂದು ನೋಡಲೆಂದು ಅದರ ಚಿಕ್ಕ ಪ್ರತಿಕೃತಿಯನ್ನೂ ತೋಟದಲ್ಲಿ ಕಟ್ಟಿಸಿದನೆಂಬ ಹೇಳಿಕೆಯಿದೆ.

ಆ ಸಂಸಾರ ಬಹುಕಾಲ ಉಳಿಯಲಿಲ್ಲ. 1805ರಲ್ಲಿ ಇಬ್ಬರು ಮಕ್ಕಳನ್ನೂ ಇಂಗ್ಲೆಂಡಿಗೆ ಕಳುಹಿಸಲಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಕರ್ಕ್‌ಪ್ಯಾಟ್ರಿಕ್ ಕಲ್ಕತ್ತೆಯಲ್ಲಿ ತೀರಿಕೊಂಡನು. ಭವನ ಪೂರ್ಣಗೊಂಡದ್ದನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ. ಖೈರುನ್ನಿಸಾ 1813ರಲ್ಲಿ ನಿಧನರಾದರು. ಮುಂದೆ 1860ರ ಸುಮಾರಿಗೆ ಬ್ರಿಟಿಷರೇ ರಂಗಮಹಲನ್ನು ಕೆಡವಿಹಾಕಿದರು. ತಮ್ಮವನೊಬ್ಬ ಹಿಂದುಸ್ತಾನದ ಮನೆಯವನಾಗಿ ಬಾಳಿದ್ದನ್ನು ನೆನಪಿಸುವ ಕುರುಹು ಆ ಕಾಲದ ಆಳುವವರಿಗೆ ಮುಜುಗರದ್ದಾಗಿತ್ತು. ಬೇಡವಾದ ನೆನಪನ್ನು ಅಳಿಸಲು ಕಟ್ಟಡವನ್ನೇ ಅಳಿಸುವ ಪದ್ಧತಿ ಹೊಸದೇನಲ್ಲ.

1857ರ ಜುಲೈ 17

ಈ ಭವನಕ್ಕೆ ಇನ್ನೊಂದು ನೆನಪೂ ಇದೆ. 1857ರಲ್ಲಿ ದೆಹಲಿಯತ್ತ ಹೋಗಿ ಕಂಪನಿಯ ಪರವಾಗಿ ಯುದ್ಧ ಮಾಡಲು ಒಪ್ಪದ ಜಮಾದಾರ ಚೀದಾ ಖಾನ್ ಮತ್ತು ಸಂಗಡಿಗರು ಹೈದರಾಬಾದಿಗೆ ಬಂದಾಗ ಅವರನ್ನು ಬಂಧಿಸಿ ರೆಸಿಡೆನ್ಸಿಗೆ ಒಪ್ಪಿಸಲಾಯಿತು. ಅವರ ಬಿಡುಗಡೆಗೆ ಒತ್ತಾಯಿಸಿ ಜುಲೈ 17ರಂದು ತುರ್ರೇಬಾಜ್ ಖಾನ್ ಮತ್ತು ಮೌಲವಿ ಅಲಾವುದ್ದೀನ್ ಅವರ ನೇತೃತ್ವದಲ್ಲಿ ರೋಹಿಲ್ಲಾಗಳ ಗುಂಪು ರೆಸಿಡೆನ್ಸಿಯ ಮೇಲೆ ದಾಳಿ ಮಾಡಿತು. ಫಿರಂಗಿಗಳ ಎದುರು ಆ ದಾಳಿ ನಿಲ್ಲಲಿಲ್ಲ. ಸೆರೆಯಿಂದ ತಪ್ಪಿಸಿಕೊಂಡಿದ್ದ ತುರ್ರೇಬಾಜ್ ಖಾನ್ 1859ರಲ್ಲಿ ಹತರಾದರು. ಮೌಲವಿ ಅಲಾವುದ್ದೀನರನ್ನು ಅಂಡಮಾನಿಗೆ ಸಾಗಿಸಲಾಯಿತು. ದಾಳಿಯ ನಂತರ ರೆಸಿಡೆನ್ಸಿಯ ಸುತ್ತಲಿನ ಗೋಡೆಗಳನ್ನು ಬಲಪಡಿಸಿದರು.

ಆದ್ದರಿಂದ ಇದು ಬರೀ ಪರಕೀಯರ ಬಂಗಲೆ, ನಮಗೇಕೆ ಅದರ ಚಿಂತೆ ಎನ್ನುವಂತಿಲ್ಲ. ಆ ಗೋಡೆಯ ಒಳಗೆ ಅಧಿಕಾರ ನಡೆಸಿದವರ ಚರಿತ್ರೆಯಿದೆ. ಅದೇ ಗೋಡೆಯ ಹೊರಗೆ ನಿಂತು ಅದನ್ನು ಪ್ರಶ್ನಿಸಿದವರ ಚರಿತ್ರೆಯೂ ಇದೆ. ಗೋಡೆ ಬಿದ್ದರೆ ಎರಡಕ್ಕೂ ಸಾಕ್ಷಿ ಇಲ್ಲದಂತಾಗುತ್ತದೆ.

ಹೆಣ್ಣುಮಕ್ಕಳ ಕಾಲೇಜು

1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವಿನಲ್ಲಿ ಉನ್ನತ ಶಿಕ್ಷಣ ನೀಡಿದ ದೊಡ್ಡ ಪ್ರಯೋಗವಾಗಿತ್ತು. ಬೀದರ್, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದುದರಿಂದ ಈ ಭಾಗದವರಿಗೂ ಅದು ತಮ್ಮದೇ ವಿಶ್ವವಿದ್ಯಾಲಯವಾಗಿತ್ತು. ಅದರ ಮಹಿಳಾ ಕಾಲೇಜು 1924ರಲ್ಲಿ ಬೆರಳೆಣಿಕೆಯ ವಿದ್ಯಾರ್ಥಿನಿಯರೊಂದಿಗೆ ಆರಂಭವಾಯಿತು. 1947ರಲ್ಲಿ ಬ್ರಿಟಿಷರು ಹೊರಟುಹೋದಾಗ ರೆಸಿಡೆನ್ಸಿ ಖಾಲಿಯಾಯಿತು. 1949ರಲ್ಲಿ ಕಾಲೇಜು ಆ ಭವನಕ್ಕೆ ಬಂತು.

ಈ ಬದಲಾವಣೆಯ ಅರ್ಥವನ್ನು ಸ್ವಲ್ಪ ಯೋಚಿಸಿ ನೋಡಬೇಕು. ಸಂಸ್ಥಾನದ ಭವಿಷ್ಯವನ್ನು ಪರಕೀಯರು ನಿರ್ಧರಿಸುತ್ತಿದ್ದ ದರ್ಬಾರ್ ಹಾಲಿಗೆ ಆ ನಾಡಿನ ಹೆಣ್ಣುಮಕ್ಕಳು ಪುಸ್ತಕ ಹಿಡಿದು ಬಂದರು. ಯಾವ ಮನೆಯ ಒಡತಿ ಅದನ್ನು ಪ್ರತಿಕೃತಿಯಲ್ಲಷ್ಟೇ ನೋಡಿದಳೆಂದು ಕಥೆಯಿದೆಯೋ, ಆ ಮನೆಯ ಮುಂಬಾಗಿಲಿನಿಂದ ಸಾವಿರಾರು ವಿದ್ಯಾರ್ಥಿನಿಯರು ಒಳಗೆ ನಡೆದರು. ಹಳೆಯ ಕಟ್ಟಡಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಸಿಗುವುದು ಅಪರೂಪ.

ಬಳಕೆಯೂ ಬೇಕು, ಆರೈಕೆಯೂ ಬೇಕು

ಆದರೆ ಒಳ್ಳೆಯ ಉಪಯೋಗ ಮಾತ್ರದಿಂದ ಕಟ್ಟಡ ಉಳಿಯುವುದಿಲ್ಲ. ಕಾಲೇಜಿಗೆ ಪಾಠ, ಪರೀಕ್ಷೆ, ಸಂಬಳ ಇವೇ ಮೊದಲ ಚಿಂತೆಯಾಗುವುದು ಸಹಜ. ದುರಸ್ತಿಯ ಹಣ ಕೊನೆಗೆ ಉಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಾಲಕ್ರಮದಲ್ಲಿ ಛಾವಣಿ ಸೋರತೊಡಗಿತು, ಗಾರೆ ಉದುರಿತು, ಗೋಡೆಗಳಲ್ಲಿ ಗಿಡಗಳು ಬೇರು ಬಿಟ್ಟವು. ಕೊನೆಗೆ ಮುಖ್ಯ ಭವನದಲ್ಲಿ ಪಾಠ ನಡೆಸುವುದೇ ಅಪಾಯವೆನಿಸಿ ತರಗತಿಗಳನ್ನು ಆವರಣದ ಬೇರೆ ಕಟ್ಟಡಗಳಿಗೆ ಸ್ಥಳಾಂತರಿಸಬೇಕಾಯಿತು. ಬಳಕೆಯಿಂದ ಬದುಕಿದ್ದ ಭವನ ಈಗ ಬಳಕೆಯನ್ನೂ ಕಳೆದುಕೊಂಡಿತು.

ಹಳೆಯ ಕಟ್ಟಡ ಹಾಳಾಗುವ ಕ್ರಮವನ್ನು ವಿದ್ಯಾರ್ಥಿಗಳು ತಿಳಿದಿರಬೇಕು, ಏಕೆಂದರೆ ಎಲ್ಲ ಊರುಗಳಲ್ಲೂ ಅದು ಒಂದೇ. ಮೊದಲ ಶತ್ರು ನೀರು. ಛಾವಣಿಯ ನೀರು ಹೊರಹೋಗುವ ಕೊಳವೆಯಲ್ಲಿ ಎಲೆ, ಮಣ್ಣು ಕಟ್ಟಿಕೊಂಡರೆ ಮಳೆನೀರು ಅಲ್ಲೇ ನಿಂತು ಒಳಗೆ ಇಳಿಯುತ್ತದೆ. ತೇವವಾದ ಮರದ ತೊಲೆಗೆ ಗೆದ್ದಲು ಹಿಡಿಯುತ್ತದೆ. ಹಕ್ಕಿಗಳು ಹಾಕಿದ ಅರಳಿ, ಆಲದ ಬೀಜ ಗೋಡೆಯ ಬಿರುಕಿನಲ್ಲಿ ಮೊಳೆತು, ಬೇರು ಬೆಳೆದಂತೆಲ್ಲ ಕಲ್ಲನ್ನು ಸೀಳುತ್ತದೆ. ಆಗ ನಾವು ಮಾಡುವ ದುರಸ್ತಿ ಅನೇಕ ಸಲ ರೋಗಕ್ಕಿಂತ ಕೆಟ್ಟದಾಗಿರುತ್ತದೆ. ಸುಣ್ಣದ ಗಾರೆಯ ಗೋಡೆ ತೇವವನ್ನು ಹೀರಿ ಹೊರಬಿಡುತ್ತದೆ. ಅದರ ಮೇಲೆ ಸಿಮೆಂಟ್ ಮೆತ್ತಿದರೆ ತೇವ ಒಳಗೇ ಉಳಿದು ಗೋಡೆ ಒಳಗಿನಿಂದ ಸಡಿಲವಾಗುತ್ತದೆ. ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಛಾವಣಿ ಗುಡಿಸಿ, ಕೊಳವೆ ತೆರವು ಮಾಡಿ, ಗಿಡ ಕಿತ್ತರೆ ತಪ್ಪುವ ಅನಾಹುತವನ್ನು ಮುಂದೆ ಕೋಟಿಗಟ್ಟಲೆ ಖರ್ಚು ಮಾಡಿ ಸರಿಪಡಿಸಬೇಕಾಗುತ್ತದೆ.

ರೆಸಿಡೆನ್ಸಿಯ ವಿಷಯದಲ್ಲಿ ಎಚ್ಚರಿಕೆಯ ಗಂಟೆ ಬಾರಿಸಿದ್ದು 2002ರಲ್ಲಿ. ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿ ಮಾಡುವ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆಯು ಈ ಕಾಲೇಜನ್ನೂ ತನ್ನ ಪಟ್ಟಿಗೆ ಸೇರಿಸಿತು. ಅದೇ ವರ್ಷ ಪ್ರಕಟವಾದ ವಿಲಿಯಂ ಡಾಲ್ರಿಂಪಲ್ ಅವರ ‘ವೈಟ್ ಮೊಘಲ್ಸ್’ ಕರ್ಕ್‌ಪ್ಯಾಟ್ರಿಕ್ ಮತ್ತು ಖೈರುನ್ನಿಸಾರ ಕಥೆಯನ್ನು ಜಗತ್ತಿಗೆ ಪರಿಚಯಿಸಿತು. ಆದರೂ ಪಟ್ಟಿಯಲ್ಲಿ ಹೆಸರು ಬರುವುದಕ್ಕೂ ಕೆಲಸ ಮುಗಿಯುವುದಕ್ಕೂ ನಡುವೆ ಇಪ್ಪತ್ತು ವರ್ಷ ಉರುಳಿದವು. ಆ ಸಂಸ್ಥೆ ಮತ್ತು ರಾಜ್ಯದ ಪುರಾತತ್ವ ಇಲಾಖೆಯ ಸಹಯೋಗದಲ್ಲಿ ಜೀರ್ಣೋದ್ಧಾರ ನಡೆದು, 2023ರ ಜನವರಿಯಲ್ಲಿ ಭವನವನ್ನು ಮತ್ತೆ ತೆರೆಯಲಾಯಿತು. ಅಷ್ಟರಲ್ಲಿ, 2022ರಲ್ಲಿ, ಕಾಲೇಜೇ ಮಹಿಳಾ ವಿಶ್ವವಿದ್ಯಾಲಯವಾಗಿ ಮೇಲ್ದರ್ಜೆಗೇರಿತ್ತು. 2024ರಲ್ಲಿ ಅದಕ್ಕೆ ತೆಲಂಗಾಣದ ರೈತ ಹೋರಾಟದ ವೀರ ಮಹಿಳೆ ಚಾಕಲಿ ಐಲಮ್ಮನವರ ಹೆಸರಿಡಲಾಯಿತು.

ನಮ್ಮ ನಾಡಿನ ಎರಡು ಉದಾಹರಣೆಗಳು

ಇದರೊಂದಿಗೆ ಬೀದರಿನ ಮಹಮೂದ್ ಗವಾನ್ ಮದ್ರಸಾವನ್ನು ಹೋಲಿಸಿ ನೋಡಬಹುದು. ಬಹಮನಿ ರಾಜ್ಯದ ಪ್ರಧಾನಿ ಮಹಮೂದ್ ಗವಾನ್ 1472ರಲ್ಲಿ ಪೂರ್ಣಗೊಳಿಸಿದ ಈ ವಿದ್ಯಾಪೀಠ ಮೂರು ಅಂತಸ್ತಿನದು. ಉಪನ್ಯಾಸದ ಸಭಾಂಗಣಗಳು, ಗ್ರಂಥಾಲಯ, ಮಸೀದಿ, ಗುರುಶಿಷ್ಯರ ವಸತಿ ಎಲ್ಲವೂ ಅದರಲ್ಲಿದ್ದವು. 1696ರಲ್ಲಿ ಮದ್ದಿನ ಸ್ಫೋಟದಿಂದ ಅದರ ದೊಡ್ಡ ಭಾಗ ಕುಸಿಯಿತು. ಮುಂಭಾಗದ ಎರಡು ಮಿನಾರುಗಳಲ್ಲಿ ಈಗ ಉಳಿದಿರುವುದು ಒಂದೇ. ಪಾಠಶಾಲೆಯಾಗಿದ್ದಲ್ಲಿ ಸೈನ್ಯ ಮತ್ತು ಮದ್ದು ಸೇರಿಕೊಂಡದ್ದರ ಫಲ ಅದು. ಇಂದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ ಅದನ್ನು ಕಾಪಾಡುತ್ತಿದೆ. ಆದರೆ ಪಾಠದ ಸದ್ದು ಅಲ್ಲಿಲ್ಲ.

ಬಿಜಾಪುರದಲ್ಲಿ ಮತ್ತೊಂದು ಪಾಠವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಬಿಜಾಪುರಕ್ಕೆ ಬಂದಾಗ ಬ್ರಿಟಿಷರು ಆದಿಲ್ ಶಾಹಿ ಕಟ್ಟಡಗಳನ್ನೇ ಕಚೇರಿ, ವಸತಿಗಳಾಗಿ ಮಾಡಿಕೊಂಡರು. ಮಸೀದಿಯೊಂದು ಪ್ರವಾಸಿ ಬಂಗಲೆಯೇ ಆಗಿಬಿಟ್ಟಿತ್ತು. ವೈಸರಾಯ್ ಕರ್ಜನ್ ಕಾಲದಲ್ಲಿ ಅದನ್ನು ತೆರವು ಮಾಡಿಸಲಾಯಿತು. ಅದೇ ಊರಿನಲ್ಲಿ ಗೋಲಗುಮ್ಮಟದ ಎದುರಿನ ನಗಾರಖಾನೆ ವಸ್ತುಸಂಗ್ರಹಾಲಯವಾಗಿ, ಇಂದಿಗೂ ಗೌರವದಿಂದ ಉಳಿದಿದೆ. ಮರುಬಳಕೆ ಎಂದರೆ ಏನು ಬೇಕಾದರೂ ಮಾಡಬಹುದು ಎಂದಲ್ಲ. ಕಟ್ಟಡದ ಮರ್ಯಾದೆಗೆ ಒಪ್ಪುವ ಉಪಯೋಗವನ್ನು ಹುಡುಕಬೇಕು ಎಂಬುದನ್ನು ಈ ಎರಡು ಕಟ್ಟಡಗಳು ಹೇಳುತ್ತವೆ.

ನಾವು ಮಾಡಬಹುದಾದದ್ದು

ಬೀದರಿನ ಮದ್ರಸಾಕ್ಕೆ ರಕ್ಷಣೆ ಇದೆ, ಬಳಕೆ ಇಲ್ಲ. ರೆಸಿಡೆನ್ಸಿಗೆ ಬಹುಕಾಲ ಬಳಕೆ ಇತ್ತು, ರಕ್ಷಣೆ ಇರಲಿಲ್ಲ. ಎರಡೂ ಕೂಡಿದಾಗ ಮಾತ್ರ ಕಟ್ಟಡ ಬದುಕುತ್ತದೆ. ನಮ್ಮ ಊರುಗಳ ನಡುವೆ ಹಳೆಯ ಶಾಲೆಗಳು, ಮುಸಾಫಿರಖಾನೆಗಳು, ವಾಚನಾಲಯಗಳು, ವಕ್ಫ್ ಆಸ್ತಿಗಳು ಎಷ್ಟೋ ಇವೆ. ಅವುಗಳಲ್ಲಿ ಕೆಲವು ಬೀಗ ಬಿದ್ದು ಕೂತಿವೆ, ಕೆಲವನ್ನು ಕೆಡವಿ ಅಂಗಡಿ ಸಾಲು ಕಟ್ಟುವ ಮಾತು ನಡೆದಿದೆ. ಬಾಡಿಗೆಯ ಆದಾಯ ಬೇಕು, ನಿಜ. ಆದರೆ ಪೇಟೆಯ ನಡುವಿನ ಒಂದು ಹಳೆಯ ಕಟ್ಟಡ ಗ್ರಂಥಾಲಯವಾದರೆ, ಹಳ್ಳಿಯಿಂದ ಬಂದ ವಿದ್ಯಾರ್ಥಿನಿಯರ ಓದಿನ ಕೋಣೆಯಾದರೆ, ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರವಾದರೆ, ಅದರ ಲಾಭವನ್ನು ಬಾಡಿಗೆ ಪುಸ್ತಕದಲ್ಲಿ ಬರೆಯಲಾಗದು.

ಅದಕ್ಕೆ ಮೊದಲ ಹೆಜ್ಜೆ ದೊಡ್ಡ ಹಣವಲ್ಲ. ಕಟ್ಟಡದ ದಾಖಲೆಗಳನ್ನು ಹುಡುಕಿ ಒಂದೆಡೆ ಸೇರಿಸುವುದು, ಅಳತೆ ಮಾಡಿ ಛಾಯಾಚಿತ್ರ ತೆಗೆದಿಡುವುದು, ಹಿರಿಯರ ಬಾಯಿಂದ ಅದರ ಕಥೆ ಕೇಳಿ ಬರೆದಿಡುವುದು, ಇವು ಪದವಿ ತರಗತಿಯ ವಿದ್ಯಾರ್ಥಿಗಳೇ ಮಾಡಬಹುದಾದ ಕೆಲಸಗಳು. ದುರಸ್ತಿಗೆ ಸುಣ್ಣದ ಕೆಲಸ ಬಲ್ಲವರನ್ನು ಕರೆಯಿರಿ, ಸಿಮೆಂಟ್ ಚೀಲ ತರುವ ಮುನ್ನ ಬಲ್ಲವರನ್ನು ಕೇಳಿ. ಉಪಯೋಗ ನಿಶ್ಚಯಿಸಿದ ದಿನವೇ ವಾರ್ಷಿಕ ನಿರ್ವಹಣೆಗೆ ಇಂತಿಷ್ಟು ಹಣ ಎಂದು ತೆಗೆದಿಡಿ. ರೆಸಿಡೆನ್ಸಿಗೆ ಆಗದಿದ್ದುದು ಈ ಕೊನೆಯ ಕೆಲಸವೇ.

ಹಿರಿಯರು ಕಟ್ಟಿ ಬಿಟ್ಟುಹೋದದ್ದು ನಮ್ಮ ಕೈಯಲ್ಲಿರುವ ಅಮಾನತ್ತು. ಅದನ್ನು ಮುಂದಿನವರ ಕೈಗೆ ಒಪ್ಪಿಸುವಾಗ ಬಾಗಿಲು ತೆರೆದಿರಬೇಕು, ಸೂರು ಸೋರದಿರಬೇಕು, ಒಳಗೆ ಓದುವ ಮಕ್ಕಳಿರಬೇಕು.